ಎರಡು ಮತಗಳ ಅಂತರ: ನ್ಯೂ ಹ್ಯಾಂಪ್‌ಷೈರಿನ ಸೆನೆಟ್ ಚುನಾವಣೆ

ಚುನಾವಣೆಯೆಂದರೆ ಕಡೆಗೆ ಎಣಿಕೆಯ ಕೆಲಸವೆಂದು ನಾವೆಲ್ಲರೂ ಭಾವಿಸಿರುತ್ತೇವೆ. ಪ್ರಚಾರದ ಗದ್ದಲ, ಪಕ್ಷಗಳ ಆಣೆಭಾಷೆಗಳು, ಹಣದ ಹೊಳೆ, ಬಾಂಧವ್ಯದ ಲೆಕ್ಕಾಚಾರ ಇವೆಲ್ಲವೂ ಮತದಾನದ ಸಂಜೆಗೆ ಮುಗಿದು, ಆಮೇಲೆ ಉಳಿಯುವುದು ಒಂದು, ಎರಡು, ಮೂರು ಎಂದು ಕೂಡಿಸುವ ಗುಮಾಸ್ತನ ಕಾರ್ಯ ಮಾತ್ರವೆಂಬುದು ಸಾಮಾನ್ಯವಾದ ನಂಬಿಕೆ. ಗೆದ್ದವನಿಗೂ ಸೋತವನಿಗೂ ನಡುವಣ ಅಂತರ ಸಾವಿರಗಳಲ್ಲಿರುವವರೆಗೆ ಈ ನಂಬಿಕೆಗೆ ಬಾಧಕವೇನೂ ಇಲ್ಲ. ಅಲ್ಲೊಂದು ಚೀಟಿ ತಪ್ಪಾಗಿ ಎಣಿಸಲ್ಪಟ್ಟರೂ ಇಲ್ಲೊಂದು ಮಡಿಕೆಯೊಳಗೆ ಉಳಿದರೂ ಫಲಿತಾಂಶ ಬದಲಾಗದು. ಆದರೆ ಅಂತರವು ಎಣಿಕೆಯ ಸಹಜ ದೋಷಕ್ಕಿಂತಲೂ ಕಿರಿದಾದಾಗ ಸ್ಥಿತಿ ಬೇರೆಯಾಗುತ್ತದೆ. ಆಗ ಎಣಿಸುವವನು ಗುಮಾಸ್ತನಾಗಿ ಉಳಿಯದೆ ವ್ಯಾಖ್ಯಾನಕಾರನಾಗುತ್ತಾನೆ. ಒಂದೊಂದು ಚೀಟಿಯೂ, ಅಕ್ಷರ ಸವೆದ ಶಿಲಾಶಾಸನದ ಸಾಲಿನಂತೆ, ಪಾಠಾಂತರಗಳಿಗೆ ಎಡೆಗೊಡುತ್ತದೆ. ಆ ಪಾಠಗಳಲ್ಲಿ ಯಾವುದು ಸಾಧುವೆಂದು ಹೇಳುವ ಅಧಿಕಾರ ಯಾರದು? ಗಣಿತಕ್ಕೆ ಸೇರಿದ್ದ ಪ್ರಶ್ನೆ ಹೀಗೆ ರಾಜ್ಯಶಾಸ್ತ್ರಕ್ಕೆ ಸೇರಿಬಿಡುತ್ತದೆ.

ಈ ಪ್ರಶ್ನೆಯು ಅದರ ಎಲ್ಲ ಜಟಿಲತೆಯೊಡನೆ ಒಮ್ಮೆ ಎದ್ದುನಿಂತದ್ದು ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಮೂಲೆಯ ನ್ಯೂ ಹ್ಯಾಂಪ್‌ಷೈರ್ ಎಂಬ ಪುಟ್ಟ ಸಂಸ್ಥಾನದಲ್ಲಿ, ೧೯೭೪ರಲ್ಲಿ. ೧೯೭೦ರ ಗಣತಿಯಂತೆ ಅದರ ಜನಸಂಖ್ಯೆ ಸುಮಾರು ಏಳು ಲಕ್ಷ ಮೂವತ್ತೆಂಟು ಸಾವಿರ. ಅಷ್ಟು ಜನರಿಗೆ ಅದರ ಕೆಳಮನೆಯಲ್ಲಿ ೪೦೦ ಜನ ಪ್ರತಿನಿಧಿಗಳು! ನಮ್ಮ ಕರ್ನಾಟಕದ ಆರು ಕೋಟಿಗೂ ಮಿಕ್ಕ ಜನಕ್ಕೆ ವಿಧಾನಸಭೆಯಲ್ಲಿರುವವರು ೨೨೪ ಮಂದಿ. ಊರೂರಿನ ಸಭೆಗಳಲ್ಲಿ ನಾಡಿಗರೇ ಕುಳಿತು ತಮ್ಮ ವ್ಯವಹಾರವನ್ನು ತೀರ್ಮಾನಿಸಿಕೊಳ್ಳುವ ಹಳೆಯ ವಾಡಿಕೆ ಅಲ್ಲಿ ಇನ್ನೂ ಜೀವಂತವಾಗಿದೆ. ಸ್ವರಾಜ್ಯದ ಅಭ್ಯಾಸ ಇಷ್ಟು ಹಳತಾಗಿರುವ ನಾಡಿನಲ್ಲಿಯೇ ಒಂದು ಚುನಾವಣೆ ಹತ್ತು ತಿಂಗಳು ತೀರದೆ ಉಳಿಯಿತೆಂಬುದನ್ನು ವಾಚಕರು ಮೊದಲೇ ಗಮನಿಸಬೇಕು.

ಅಮೆರಿಕದ ಸೆನೆಟಿಗೆ ಸಂಸ್ಥಾನವೊಂದಕ್ಕೆ ಇಬ್ಬರಂತೆ ಸದಸ್ಯರು. ಅವಧಿ ಆರು ವರ್ಷ. ಮೊದಲಿಗೆ ಅವರನ್ನು ಆರಿಸುತ್ತಿದ್ದವರು, ನಮ್ಮ ರಾಜ್ಯಸಭೆಯ ಸದಸ್ಯರನ್ನು ಇಂದು ಶಾಸಕರು ಆರಿಸುವಂತೆಯೇ, ಸಂಸ್ಥಾನಗಳ ಶಾಸನಸಭೆಗಳು. ೧೯೧೩ರ ಹದಿನೇಳನೆಯ ತಿದ್ದುಪಡಿಯಿಂದ ಆ ಹಕ್ಕು ನೇರವಾಗಿ ಪ್ರಜೆಗಳ ಕೈಗೆ ಬಂದಿತು. ಆದರೆ ರಾಜ್ಯಾಂಗದ ಮೊದಲನೆಯ ವಿಧಿಯ ಐದನೆಯ ಪ್ರಕರಣ ಹಾಗೆಯೇ ಉಳಿಯಿತು. ಪ್ರತಿಯೊಂದು ಸಭೆಯೂ ತನ್ನ ಸದಸ್ಯರ ಚುನಾವಣೆ, ಅದರ ಫಲಿತಾಂಶ ಮತ್ತು ಅವರ ಅರ್ಹತೆ ಇವುಗಳಿಗೆ ತಾನೇ ನ್ಯಾಯಾಧೀಶನೆಂಬುದು ಆ ಪ್ರಕರಣದ ತಾತ್ಪರ್ಯ. ಮುಂದಿನ ಕಥೆಯೆಲ್ಲ ಈ ಒಂದು ವಾಕ್ಯದ ಫಲ.

೧೯೭೪ರಲ್ಲಿ ನ್ಯೂ ಹ್ಯಾಂಪ್‌ಷೈರಿನ ಹಿರಿಯ ಸೆನೆಟರ್ ನಾರಿಸ್ ಕಾಟನ್ ನಿವೃತ್ತಿಯನ್ನು ಬಯಸಿದರು. ಅವರ ರಿಪಬ್ಲಿಕನ್ ಪಕ್ಷದ ಪರವಾಗಿ ಆ ಸ್ಥಾನಕ್ಕೆ ನಿಂತವರು ಲೂಯಿ ವೈಮನ್. ಇವರು ಸಂಸ್ಥಾನದ ಅಟಾರ್ನಿ ಜನರಲ್ ಆಗಿದ್ದವರು, ಅನಂತರ ಕಾಂಗ್ರೆಸ್ಸಿನ ಕೆಳಮನೆಯಲ್ಲಿ ಹಲವು ವರ್ಷ ಕುಳಿತವರು. (ಅರ್ಥಶಾಸ್ತ್ರದ ಅಭ್ಯಾಸಿಗಳಿಗೆ ಈ ಹೆಸರು ಇನ್ನೊಂದು ಕಾರಣದಿಂದ ಪರಿಚಿತವಾಗಿರಬಹುದು. ಮಾರ್ಕ್ಸ್‌ವಾದಿ ಅರ್ಥಶಾಸ್ತ್ರಜ್ಞ ಪಾಲ್ ಸ್ವೀಜಿಯವರನ್ನು ವಿಶ್ವವಿದ್ಯಾಲಯದಲ್ಲಿ ಅವರು ನೀಡಿದ ಉಪನ್ಯಾಸದ ವಿಷಯವಾಗಿ ವಿಚಾರಣೆಗೆ ಗುರಿಪಡಿಸಿದವರು ಇವರೇ. ೧೯೫೭ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಸ್ವೀಜಿಯವರ ಪರವಾಗಿ ತೀರ್ಪಿತ್ತಿತು.) ಎದುರಾಳಿ ಡೆಮೊಕ್ರಾಟಿಕ್ ಪಕ್ಷದ ಜಾನ್ ಡರ್ಕಿನ್, ಸಂಸ್ಥಾನದ ವಿಮಾ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದವರು. ವೈಮನ್ ಸುಲಭವಾಗಿ ಗೆಲ್ಲುವರೆಂದೇ ಎಲ್ಲರೂ ಎಣಿಸಿದ್ದರು. ಆದರೆ ಆ ವರ್ಷದ ಆಗಸ್ಟ್ ೯ರಂದು ವಾಟರ್‌ಗೇಟ್ ಹಗರಣದ ದೆಸೆಯಿಂದ ಅಧ್ಯಕ್ಷ ನಿಕ್ಸನ್ ಪದತ್ಯಾಗ ಮಾಡಿದ್ದರು. ಮರುತಿಂಗಳೇ ಹೊಸ ಅಧ್ಯಕ್ಷ ಫೋರ್ಡ್ ಅವರಿಗೆ ಕ್ಷಮಾದಾನ ನೀಡಿದ್ದರು. ರಿಪಬ್ಲಿಕನ್ ಪಕ್ಷದ ಮೇಲೆ ದೇಶಕ್ಕೆ ದೇಶವೇ ಮುನಿದಿದ್ದ ಕಾಲ ಅದು.

ನವೆಂಬರ್ ೫ರಂದು ಮತದಾನವಾಯಿತು. ಮೊದಲನೆಯ ಎಣಿಕೆಯಲ್ಲಿ ವೈಮನ್ ೩೫೫ ಮತಗಳಿಂದ ಗೆದ್ದರು. ಡರ್ಕಿನ್ ಮರು ಎಣಿಕೆಯನ್ನು ಕೇಳಿದರು. ಅದರಲ್ಲಿ ಡರ್ಕಿನ್ ೧೦ ಮತಗಳಿಂದ ಗೆದ್ದರು. ರಿಪಬ್ಲಿಕನ್ನರೇ ಆಗಿದ್ದ ಗವರ್ನರ್ ಮೆಲ್ಡ್ರಿಂ ಥಾಮ್ಸನ್, ತಾತ್ಕಾಲಿಕವೆಂಬ ಷರತ್ತಿನ ಮೇಲೆ, ಡರ್ಕಿನ್‌ರಿಗೆ ಆಯ್ಕೆಯ ಪ್ರಮಾಣಪತ್ರವನ್ನು ಕೊಟ್ಟರು. ಈಗ ಮೇಲ್ಮನವಿಯ ಸರದಿ ವೈಮನ್‌ರದು. ಸಂಸ್ಥಾನದ ಮತಪತ್ರ ಕಾನೂನು ಆಯೋಗವು ವಿವಾದಾಸ್ಪದವಾದ ಚೀಟಿಗಳನ್ನು ಒಂದೊಂದಾಗಿ ನೋಡಿ ಡಿಸೆಂಬರ್ ಕೊನೆಯ ಹೊತ್ತಿಗೆ ಹೇಳಿದ ಲೆಕ್ಕ ಇದು: ವೈಮನ್ ೧,೧೦,೯೨೬, ಡರ್ಕಿನ್ ೧,೧೦,೯೨೪. ಇಬ್ಬರಿಗೂ ಸೇರಿ ಬಿದ್ದ ೨,೨೧,೮೫೦ ಮತಗಳಲ್ಲಿ ಅಂತರ ಎರಡು. ಲಕ್ಷಕ್ಕೆ ಒಂದು ಮತವೂ ಪೂರ್ತಿಯಾಗಿ ಬೀಳಲಿಲ್ಲ. ಗವರ್ನರು ಮೊದಲಿನ ಪ್ರಮಾಣಪತ್ರವನ್ನು ರದ್ದುಮಾಡಿ ಎರಡನೆಯದನ್ನು ವೈಮನ್‌ರಿಗೆ ಬರೆದುಕೊಟ್ಟರು.

ಒಂದೇ ಚೀಟಿಗಳ ರಾಶಿ ಮೂರು ಸಲ ಮೂರು ಬಗೆಯ ಉತ್ತರವನ್ನು ಕೊಟ್ಟದ್ದು ಹೇಗೆ? ಇಲ್ಲಿ ಮೋಸದ ಮಾತಿಲ್ಲ. ಮತಪತ್ರದ ರಚನೆಯಲ್ಲಿಯೇ ಇದರ ಮೂಲವುಂಟು. ಅಲ್ಲಿನ ಚೀಟಿಯಲ್ಲಿ ಒಂದೊಂದು ಪಕ್ಷದ ಉಮೇದುವಾರರೆಲ್ಲರ ಹೆಸರುಗಳು ಒಂದು ಸಾಲಾಗಿರುತ್ತಿದ್ದವು. ಗವರ್ನರಿನಿಂದ ಹಿಡಿದು ಕೆಳಗಿನ ಸ್ಥಾನಗಳವರೆಗೆ ಎಲ್ಲವೂ ಅದೇ ಕಾಗದದಲ್ಲಿ. ಸಾಲಿನ ನೆತ್ತಿಯಲ್ಲಿ ಒಂದು ವೃತ್ತ. ಆ ವೃತ್ತದೊಳಗೆ ಕತ್ತರಿಗುರುತು ಹಾಕಿದರೆ ಆ ಪಕ್ಷದ ಸಮಸ್ತರಿಗೂ ಮತ ಸಂದಂತೆ. ಹಾಗಲ್ಲದೆ ಒಬ್ಬೊಬ್ಬರ ಹೆಸರಿನ ಮುಂದೆ ಬೇರೆ ಬೇರೆಯಾಗಿಯೂ ಗುರುತು ಹಾಕಬಹುದಾಗಿತ್ತು. ಈಗ ಒಬ್ಬ ಮತದಾರನು ವೃತ್ತದಲ್ಲಿಯೂ ಗುರುತಿಟ್ಟು, ಅಷ್ಟರಿಂದ ತೃಪ್ತನಾಗದೆ ಅದೇ ಪಕ್ಷದ ಇತರರ ಹೆಸರುಗಳ ಮುಂದೆಯೂ ಒಂದೊಂದಾಗಿ ಗುರುತಿಟ್ಟು, ಸೆನೆಟಿನ ಉಮೇದುವಾರನ ಹೆಸರಿನ ಮುಂದೆ ಮಾತ್ರ ಬರಿದಾಗಿ ಬಿಟ್ಟನೆಂದಿಟ್ಟುಕೊಳ್ಳೋಣ. ಅವನ ಅಭಿಪ್ರಾಯವೇನು? ವೃತ್ತದ ಗುರುತೇ ಪ್ರಧಾನವೆಂದರೆ ಮತ ಸಂದಿತು. ಬೇಕೆಂದೇ ಒಂದು ಹೆಸರನ್ನು ಬಿಟ್ಟನೆಂದರೆ ಮತ ಸಲ್ಲಲಿಲ್ಲ. ಎರಡು ಪಾಠವೂ ಯುಕ್ತಿಯುಕ್ತವೇ. ಇಂಥ ‘ಹೆಸರು ಬಿಟ್ಟ’ ಚೀಟಿಗಳ ಮೇಲೆ ಆಮೇಲೆ ತಿಂಗಳುಗಟ್ಟಲೆ ವಾದ ನಡೆಯಿತು. ಮೀಮಾಂಸಕರಿಗೆ ಸಾಮಾನ್ಯವಿಧಿ ಮತ್ತು ವಿಶೇಷವಿಧಿಗಳ ಬಲಾಬಲವನ್ನು ಕುರಿತ ಚರ್ಚೆ ಇದರಿಂದ ನೆನಪಾದರೆ ಆಶ್ಚರ್ಯವಿಲ್ಲ.

ಈ ನಡುವೆ ಒಂದು ವಿನೋದ ನಡೆಯಿತು. ಮುಂದಿನ ಸೆನೆಟಿನಲ್ಲಿ ಜ್ಯೇಷ್ಠತೆ ದೊರೆಯಲೆಂದು ಕಾಟನ್ ಅವಧಿ ತುಂಬುವ ಮೊದಲೇ ರಾಜೀನಾಮೆಯಿತ್ತರು. ಗವರ್ನರು ಉಳಿದ ದಿನಗಳಿಗೆ ವೈಮನ್‌ರನ್ನು ನೇಮಿಸಿದರು. ೧೯೭೪ರ ಡಿಸೆಂಬರ್ ೩೧ರಿಂದ ೧೯೭೫ರ ಜನವರಿ ೩ರವರೆಗೆ ವೈಮನ್ ಸೆನೆಟರ್ ಆಗಿದ್ದರು. ಅವರ ಪಾಲಿಗೆ ಸೆನೆಟು ಅಷ್ಟೇ ಲಭ್ಯವಾಗಿತ್ತೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಡರ್ಕಿನ್ ಸೆನೆಟಿಗೇ ದೂರಿತ್ತರು. ಅಲ್ಲಿ ಅವರ ಪಕ್ಷದ್ದು ಅರುವತ್ತರ ಬಹುಮತ. ನಿಯಮಗಳ ಸಮಿತಿಯಲ್ಲಿ ಡೆಮೊಕ್ರಾಟರು ಐವರು, ರಿಪಬ್ಲಿಕನ್ನರು ಮೂವರು. ಬಹುಮತವುಳ್ಳ ಪಕ್ಷಕ್ಕೆ ತನ್ನವನನ್ನು ಕೂಡಿಸಿಕೊಳ್ಳುವುದು ಒಂದು ಮಧ್ಯಾಹ್ನದ ಕೆಲಸವಾಗಬೇಕಿತ್ತು. ಆಗಲಿಲ್ಲ. ವಿಚಾರಣೆ ಮುಗಿಯುವವರೆಗೆ ವೈಮನ್‌ರನ್ನು ಸ್ಥಾನದಲ್ಲಿ ಕೂಡಿಸಬೇಕೆಂಬ ಸಲಹೆ ಜನವರಿಯಲ್ಲಿ ಸಮಿತಿಯ ಮುಂದೆ ಬಂದಾಗ, ಅಲಬಾಮಾ ಸಂಸ್ಥಾನದ ಜೇಮ್ಸ್ ಅಲೆನ್ ಎಂಬ ಡೆಮೊಕ್ರಾಟ್ ಸದಸ್ಯರು, ಕ್ರಮಬದ್ಧವಾದ ಪ್ರಮಾಣಪತ್ರ ಇರುವುದು ವೈಮನ್‌ರ ಕೈಯಲ್ಲಿ ಎಂಬ ಕಾರಣ ಕೊಟ್ಟು ಎದುರು ಪಕ್ಷದೊಡನೆ ಮತವಿತ್ತರು. ನಾಲ್ಕಕ್ಕೆ ನಾಲ್ಕು. ವಿಷಯ ಪೂರ್ಣ ಸಭೆಗೆ ಹೋಯಿತು. ಸಭಾಂಗಣದ ಹಿಂಬದಿಯಲ್ಲಿ ಎರಡು ಬೇರೆ ಬೇರೆ ಮೇಜುಗಳಲ್ಲಿ ಇಬ್ಬರು ಉಮೇದುವಾರರೂ ಕುಳಿತು ತಮ್ಮ ವಿಧಿಯನ್ನು ಇತರರು ಚರ್ಚಿಸುವುದನ್ನು ಕೇಳುತ್ತಿದ್ದರು. ಸಭೆ ಯಾರನ್ನೂ ಕೂಡಿಸಿಕೊಳ್ಳದೆ, ಸ್ಥಾನ ಖಾಲಿಯೆಂದೂ ಸಾರದೆ, ವಿಷಯವನ್ನು ಸಮಿತಿಗೇ ತಿರುಗಿ ಕಳುಹಿಸಿತು. ಸಮಿತಿ ಸುಮಾರು ೩,೫೦೦ ಚೀಟಿಗಳನ್ನು ವಾಷಿಂಗ್ಟನ್ನಿಗೆ ತರಿಸಿ ಪರೀಕ್ಷಿಸಿತು. ಕಡೆಗೆ ತನ್ನಿಂದ ತೀರದ ೩೫ ಅಂಶಗಳನ್ನು, ಕೆಲವು ಬಿಡಿ ಚೀಟಿಗಳು, ಕೆಲವು ಕಾನೂನಿನ ತೊಡಕುಗಳು, ಪಟ್ಟಿಮಾಡಿ ಜೂನ್ ತಿಂಗಳಲ್ಲಿ ಸಭೆಯ ಮುಂದಿಟ್ಟಿತು.

ಆರು ವಾರಗಳ ಚರ್ಚೆಯಲ್ಲಿ ಆ ೩೫ರಲ್ಲಿ ತೀರಿದ್ದು ಒಂದೇ ಒಂದು. ಅಲ್ಪಸಂಖ್ಯಾತರಾದ ರಿಪಬ್ಲಿಕನ್ನರು ಕೊನೆಯಿಲ್ಲದೆ ಮಾತನಾಡಿ ಕಾಲಹರಣ ಮಾಡುವ ತಂತ್ರವನ್ನು ಹಿಡಿದರು. ಇದಕ್ಕೆ ಅಲ್ಲಿ ಫಿಲಿಬಸ್ಟರ್ ಎನ್ನುತ್ತಾರೆ. ಅದನ್ನು ಮುರಿಯಲು ಹಿಂದೆ ಮೂರರಲ್ಲಿ ಎರಡು ಪಾಲಿನ ಬಹುಮತ ಬೇಕಾಗಿತ್ತು. ಅದೇ ವರ್ಷದ ಮಾರ್ಚಿಯಲ್ಲಿ ನಿಯಮವನ್ನು ಸಡಿಲಿಸಿ ಸದಸ್ಯರ ಐದರಲ್ಲಿ ಮೂರು ಪಾಲು ಸಾಕೆಂದು ಮಾಡಿದ್ದರು. ಹಾಗಿದ್ದೂ ಚರ್ಚೆಯನ್ನು ಮುಗಿಸುವ ಗೊತ್ತುವಳಿ ಆರು ಸಲ ಬಿದ್ದುಹೋಯಿತು, ಏಕೆಂದರೆ ದಕ್ಷಿಣದ ಕೆಲವು ಡೆಮೊಕ್ರಾಟರು ತಮ್ಮ ಪಕ್ಷದ ಜೊತೆಗೆ ನಿಲ್ಲಲಿಲ್ಲ. ರಾಷ್ಟ್ರದ ಮೇಲ್ಮನೆಯ ಸದಸ್ಯರು ಬೇಸಗೆಯ ದಿನಗಳನ್ನು ಒಂದು ಚೀಟಿಯ ಮೇಲಿನ ಪೆನ್ಸಿಲ್ ಗೆರೆಯ ಓರೆಕೋರೆಗಳಲ್ಲಿ ಕಳೆದರು. ಪತ್ರಿಕೆಗಳು ನಕ್ಕವು. ನ್ಯೂ ಹ್ಯಾಂಪ್‌ಷೈರಿಗೆ ಸೆನೆಟಿನಲ್ಲಿ ಇಬ್ಬರಿರಬೇಕಾದಲ್ಲಿ ಒಬ್ಬರೇ ಉಳಿದರು.

ನಗು ಸಹಜ. ಆದರೂ ಈ ದೃಶ್ಯದಲ್ಲಿ ನಗುವಿಗಿಂತ ಮಿಗಿಲಾದುದೊಂದಿದೆ ಎಂದು ನಮಗೆ ತೋರುತ್ತದೆ. ಸಭೆಯೇ ತನ್ನ ಸದಸ್ಯರ ಚುನಾವಣೆಗೆ ನ್ಯಾಯಾಧೀಶನಾಗುವ ಪದ್ಧತಿ ಅಮೆರಿಕನರ ಸೃಷ್ಟಿಯಲ್ಲ. ಇಂಗ್ಲೆಂಡಿನ ಕಾಮನ್ಸ್ ಸಭೆಯಿಂದ ಬಂದ ಪಿತ್ರಾರ್ಜಿತ. ೧೬೦೪ರಲ್ಲಿ ಬಕಿಂಗ್‌ಹ್ಯಾಂಷೈರಿನಿಂದ ಆರಿಸಿಬಂದ ಗುಡ್ವಿನ್ ಎಂಬವನ ಆಯ್ಕೆಯನ್ನು ಒಂದನೆಯ ಜೇಮ್ಸ್ ದೊರೆಯ ಅಧಿಕಾರಿಗಳು ತಳ್ಳಿಹಾಕಿ ಫಾರ್ಟೆಸ್ಕ್ಯೂ ಎಂಬವನನ್ನು ಆರಿಸಿಕೊಂಡರು. ತನ್ನ ಸದಸ್ಯರಾರೆಂದು ಹೇಳುವುದು ತನ್ನ ಹಕ್ಕೇ ಹೊರತು ದೊರೆಯದಲ್ಲವೆಂದು ಸಭೆ ಸೆಟೆದು ನಿಂತಿತು. ರಾಜನ ಹಿಡಿತದಲ್ಲಿದ್ದ ನ್ಯಾಯಾಸನಗಳ ಕಾಲದಲ್ಲಿ ಈ ಹಕ್ಕು ಸ್ವಾತಂತ್ರ್ಯದ ಕವಚವಾಗಿತ್ತು. ಕಾಲ ಕಳೆದಂತೆ ಕವಚವೇ ಆಯುಧವಾಯಿತು. ಸಭೆಯ ಬಹುಮತವು ದೂರುಗಳನ್ನು ಪಕ್ಷ ನೋಡಿ ತೀರ್ಮಾನಿಸತೊಡಗಿತು. ಇದಕ್ಕೆ ಮದ್ದಾಗಿ ೧೭೭೦ರ ಗ್ರೆನ್‌ವಿಲ್ ಕಾಯಿದೆಯು ಚೀಟಿಯೆತ್ತಿ ಆರಿಸಿದ ಸಮಿತಿಗಳ ಕೈಗೆ ವಿಚಾರಣೆಯನ್ನು ಕೊಟ್ಟಿತು. ಅದೂ ಸಾಲದೆ ೧೮೬೮ರಲ್ಲಿ ಕಾಮನ್ಸ್ ಸಭೆ ತನ್ನ ಅಧಿಕಾರವನ್ನು ತಾನೇ ನ್ಯಾಯಾಧೀಶರಿಗೆ ಒಪ್ಪಿಸಿಬಿಟ್ಟಿತು. ಅಮೆರಿಕದವರು ಬೇರೆಯಾದದ್ದು ೧೮೬೮ಕ್ಕೆ ಬಹಳ ಮುಂಚೆ. ತೌರುಮನೆಯವರು ಬಿಟ್ಟುಕೊಟ್ಟ ಒಡವೆ ಮಗಳ ಮನೆಯ ಪೆಟ್ಟಿಗೆಯಲ್ಲಿ ಉಳಿಯಿತು.

ನಮ್ಮ ಸಂವಿಧಾನಕರ್ತರು ೧೮೬೮ರ ದಾರಿಯನ್ನು ಹಿಡಿದರು. ಚುನಾವಣೆಯನ್ನು ಪ್ರಶ್ನಿಸುವುದಾದರೆ ಕಾನೂನು ಗೊತ್ತುಮಾಡಿದ ಅಧಿಕಾರಸ್ಥಾನಕ್ಕೆ ಅರ್ಜಿ ಸಲ್ಲಿಸಿಯೇ ಪ್ರಶ್ನಿಸಬೇಕೆಂದು ೩೨೯ನೆಯ ಅನುಚ್ಛೇದ ವಿಧಿಸುತ್ತದೆ. ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ಮೊದಲು ವಿಶೇಷ ನ್ಯಾಯಮಂಡಲಿಗಳೂ ೧೯೬೬ರ ತಿದ್ದುಪಡಿಯ ಮೇಲೆ ಉಚ್ಚ ನ್ಯಾಯಾಲಯಗಳೂ ಈ ಕಾರ್ಯವನ್ನು ನಡೆಸಿಕೊಂಡು ಬಂದಿವೆ. ಸೆನೆಟಿನಲ್ಲಿ ೩೫ ಅಂಶಗಳು ಚರ್ಚೆಗೆ ಬಂದ ಅದೇ ೧೯೭೫ರ ಜೂನ್ ತಿಂಗಳ ೧೨ರಂದು ಅಲಹಾಬಾದಿನಲ್ಲಿ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುವೆಂದು ಸಾರಿದರು. ತುರ್ತುಪರಿಸ್ಥಿತಿಯ ನೆರಳಿನಲ್ಲಿ ಆಗಸ್ಟ್ ತಿಂಗಳಲ್ಲಿ ನಮ್ಮ ಸಂಸತ್ತು ಮೂವತ್ತೊಂಬತ್ತನೆಯ ತಿದ್ದುಪಡಿಯನ್ನು ಅಂಗೀಕರಿಸಿ ಆ ಆಯ್ಕೆ ಸಿಂಧುವೆಂದು ತಾನೇ ಘೋಷಿಸಿತು. ಹೀಗೆ ಒಂದೇ ಋತುವಿನಲ್ಲಿ ಎರಡು ಮಹಾರಾಷ್ಟ್ರಗಳ ಶಾಸನಸಭೆಗಳು ಚುನಾವಣೆಯ ವ್ಯಾಜ್ಯಕ್ಕೆ ನ್ಯಾಯಾಧೀಶರಾಗಲು ಕುಳಿತವು. ವಾಷಿಂಗ್ಟನ್ನಿನ ಸಭೆಗೆ ಸಂವಿಧಾನದತ್ತವಾದ ಹಕ್ಕಿತ್ತು; ಅದು ಸಾಕ್ಷ್ಯವನ್ನು ತರಿಸಿ ನೋಡಿತು, ಎದುರಾಳಿಗಳನ್ನು ಮಾತನಾಡಲು ಬಿಟ್ಟಿತು, ತಿಂಗಳುಗಟ್ಟಲೆ ಹೆಣಗಿ ಯಾವ ತೀರ್ಪನ್ನೂ ಕೊಡಲಾರದೆ ಹೋಯಿತು. ದೆಹಲಿಯ ಸಭೆಗೆ ಆ ಹಕ್ಕಿರಲಿಲ್ಲ. ಹಕ್ಕನ್ನು ತಾನೇ ಬರೆದುಕೊಂಡು, ವಿರೋಧಪಕ್ಷದ ಅನೇಕರು ಸೆರೆಯಲ್ಲಿದ್ದಾಗ, ಕೆಲವೇ ದಿನಗಳಲ್ಲಿ ತೀರ್ಪಿತ್ತಿತು. ನವೆಂಬರ್ ೭ರಂದು ಸರ್ವೋಚ್ಚ ನ್ಯಾಯಾಲಯವು ಆಯ್ಕೆಯನ್ನು ಬೇರೆ ಕಾರಣಗಳಿಂದ ಎತ್ತಿಹಿಡಿಯಿತಾದರೂ ತಿದ್ದುಪಡಿಯ ಆ ಭಾಗವನ್ನು ಅನೂರ್ಜಿತಗೊಳಿಸಿತು. ಸೆನೆಟಿನ ನಿಧಾನವನ್ನು ಹಾಸ್ಯ ಮಾಡುವವರು ದೆಹಲಿಯ ಈ ವೇಗವನ್ನೂ ಪಕ್ಕದಲ್ಲಿಟ್ಟು ತೂಗಬೇಕು.

ಹಾಗೆಂದು ನ್ಯಾಯಾಲಯದ ದಾರಿ ನಿಷ್ಕಂಟಕವೆಂದಲ್ಲ. ಚುನಾವಣಾ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ನಮ್ಮ ಕಾಯಿದೆ ಹೇಳುತ್ತದೆ. ಅದು ಎಷ್ಟರಮಟ್ಟಿಗೆ ನಡೆಯುತ್ತಿದೆಯೆಂಬುದನ್ನು ಮುಂಬಯಿ ಚೆನ್ನೈಗಳಲ್ಲಿ ವಕೀಲಿ ನಡೆಸುತ್ತಿರುವ ನಮ್ಮ ವಾಚಕರು ನಮಗಿಂತ ಚೆನ್ನಾಗಿ ಬಲ್ಲರು. ಕೂದಲೆಳೆಯ ಅಂತರವೂ ನಮಗೆ ಅಪರಿಚಿತವಲ್ಲ. ೨೦೦೪ರಲ್ಲಿ ಸಂತೇಮರಹಳ್ಳಿಯ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣರು ಎ. ಆರ್. ಕೃಷ್ಣಮೂರ್ತಿಯವರನ್ನು ಸೋಲಿಸಿದ್ದು ಒಂದೇ ಮತದಿಂದ, ೪೦,೭೫೨ಕ್ಕೆ ೪೦,೭೫೧. ೨೦೨೪ರಲ್ಲಿ ಮುಂಬಯಿ ವಾಯವ್ಯ ಲೋಕಸಭಾ ಕ್ಷೇತ್ರದ ಅಂತರ ೪೮.

ಸೆನೆಟಿಗೆ ಹೋಲುವ ನಮ್ಮ ರಾಜ್ಯಸಭೆಯ ಚುನಾವಣೆಯಲ್ಲಂತೂ ನ್ಯೂ ಹ್ಯಾಂಪ್‌ಷೈರಿನ ಎರಡು ಮತಗಳು ಬೇರೆ ರೂಪದಲ್ಲಿ ಕಾಣಿಸಿಕೊಂಡಿವೆ. ೨೦೧೭ರ ಆಗಸ್ಟಿನಲ್ಲಿ ಗುಜರಾತಿನ ಮೂರು ಸ್ಥಾನಗಳಿಗೆ ೧೭೬ ಶಾಸಕರು ಮತವಿತ್ತರು. ಗೆಲ್ಲಲು ೪೫ ಬೇಕಾಗಿತ್ತು. ಇಬ್ಬರು ಶಾಸಕರು ತಮ್ಮ ಮತಪತ್ರವನ್ನು ತೋರಿಸಬಾರದವರಿಗೆ ತೋರಿಸಿದರೆಂಬ ದೂರನ್ನು ಚುನಾವಣಾ ಆಯೋಗ ನಡುರಾತ್ರಿಯಲ್ಲಿ ಎತ್ತಿಹಿಡಿದು ಆ ಎರಡು ಮತಗಳನ್ನು ರದ್ದುಮಾಡಿತು. ಉಳಿದ ೧೭೪ಕ್ಕೆ ಗೆಲುವಿನ ಮಿತಿ ೪೪ಕ್ಕಿಳಿಯಿತು. ಅಹಮದ್ ಪಟೇಲರಿಗೆ ಬಂದದ್ದು ಸರಿಯಾಗಿ ೪೪. ೨೦೨೪ರ ಫೆಬ್ರವರಿಯಲ್ಲಿ ಹಿಮಾಚಲ ಪ್ರದೇಶದಲ್ಲಿ ಅಭಿಷೇಕ ಮನು ಸಿಂಘ್ವಿಯವರಿಗೂ ಹರ್ಷ ಮಹಾಜನರಿಗೂ ತಲಾ ೩೪ ಮತ ಬಿದ್ದು ಚೀಟಿಯೆತ್ತಬೇಕಾಯಿತು. ಎತ್ತಿದ ಚೀಟಿಯಲ್ಲಿ ಯಾರ ಹೆಸರು ಬಂದಿತೋ ಅವರು ಸೋತರೆಂದು ಅಧಿಕಾರಿ ಸಾರಿದರು. ಬಂದದ್ದು ಸಿಂಘ್ವಿಯವರ ಹೆಸರು. ಲೋಕರೂಢಿಯಲ್ಲಿ ಚೀಟಿ ಬಂದವನು ಗೆದ್ದವನಲ್ಲವೇ ಎಂದು ಅವರು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ವಿಧಿಯ ಕೈಗೆ ಬಿಟ್ಟುಕೊಟ್ಟ ಮೇಲೆಯೂ ವ್ಯಾಖ್ಯಾನ ತಪ್ಪಲಿಲ್ಲ!

ಅಮೆರಿಕದಲ್ಲಿಯೂ ಹೊಳೆ ನಿಧಾನವಾಗಿ ನ್ಯಾಯಾಲಯಗಳತ್ತ ತಿರುಗಿದೆ. ಸಂಸ್ಥಾನಗಳು ಸೆನೆಟ್ ಚುನಾವಣೆಯ ಮರು ಎಣಿಕೆ ನಡೆಸುವುದು ಸೆನೆಟಿನ ಹಕ್ಕಿಗೆ ವಿರುದ್ಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೧೯೭೨ರಲ್ಲಿ, ಇಂಡಿಯಾನಾ ಸಂಸ್ಥಾನದ ವ್ಯಾಜ್ಯದಲ್ಲಿ, ಹೇಳಿತ್ತು. ೨೦೦೮ರಲ್ಲಿ ಮಿನೆಸೋಟದ ನಾರ್ಮ್ ಕೋಲ್‌ಮನ್ ಮತ್ತು ಆಲ್ ಫ್ರಾಂಕನ್‌ರ ಸ್ಪರ್ಧೆಯಲ್ಲಿ ಮೊದಲು ಕೋಲ್‌ಮನ್ ೨೧೫ ಮತಗಳಿಂದ ಮುಂದಿದ್ದರು. ಮರು ಎಣಿಕೆ ಮತ್ತು ವಿಚಾರಣೆಗಳಾದ ಮೇಲೆ ಫ್ರಾಂಕನ್ ೩೧೨ರಿಂದ ಗೆದ್ದರು. ಅದೂ ಸುಮಾರು ಎಂಟು ತಿಂಗಳ ವ್ಯವಹಾರವೇ. ಆದರೆ ೨೦೦೯ರ ಜೂನ್ ೩೦ರಂದು ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯ ಕೊನೆಯ ಮಾತು ಹೇಳಿತು. ಸೋತವರು ಅಂದೇ ಒಪ್ಪಿಕೊಂಡರು. ಸೆನೆಟು ಸುಮ್ಮನೆ ಪ್ರಮಾಣವಚನ ಬೋಧಿಸಿತು.

೧೯೭೫ರ ಕಥೆಯ ಉಳಿದ ಭಾಗವನ್ನು ಹೇಳಬೇಕು. ಜುಲೈ ಕೊನೆಗೆ ಎರಡು ಕಡೆಯವರಿಗೂ ಸಾಕಾಗಿತ್ತು. ಹೊಸ ಚುನಾವಣೆಯೇ ನಡೆಯಲೆಂದು ವೈಮನ್ ಕೇಳುತ್ತ ಬಂದಿದ್ದರು; ತನ್ನ ಪಕ್ಷದ ಬಹುಮತವನ್ನು ನೆಚ್ಚಿ ಅದನ್ನು ಒಲ್ಲೆನೆನ್ನುತ್ತಿದ್ದ ಡರ್ಕಿನ್ ಕಡೆಗೆ ತಾವೂ ಒಪ್ಪಿದರು. ಜುಲೈ ೩೦ರಂದು ಸೆನೆಟು ೭೧ಕ್ಕೆ ೨೧ ಮತಗಳಿಂದ, ಆಗಸ್ಟ್ ೮ರಿಂದ ಸ್ಥಾನ ಖಾಲಿಯೆಂದು ಸಾರಿತು. ೧೬೦೪ರಲ್ಲಿ ಗುಡ್ವಿನ್ ಫಾರ್ಟೆಸ್ಕ್ಯೂಗಳ ಜಗಳ ಮುಗಿದದ್ದೂ ಹೀಗೆಯೇ, ಇಬ್ಬರನ್ನೂ ಬದಿಗಿಟ್ಟು ಹೊಸ ಚುನಾವಣೆಗೆ ಆಜ್ಞೆ ಹೊರಡಿಸಿ. ನಡುವಣ ವಾರಗಳಿಗೆ ಗವರ್ನರು ನೇಮಿಸಿದ್ದು, ವಿಶ್ರಾಂತಿಗೆಂದು ಮನೆ ಸೇರಿದ್ದ ಎಪ್ಪತ್ತೈದು ವಯಸ್ಸಿನ ನಾರಿಸ್ ಕಾಟನ್‌ರನ್ನೇ.

ಸೆಪ್ಟೆಂಬರ್ ೧೬ರ ಮರುಚುನಾವಣೆಗೆ ಅಧ್ಯಕ್ಷ ಫೋರ್ಡ್ ತಾವೇ ಬಂದು ವೈಮನ್‌ರ ಪರವಾಗಿ ಪ್ರಚಾರ ಮಾಡಿದರು. ಹತ್ತು ತಿಂಗಳ ಹಿಂದಿನದಕ್ಕಿಂತ ಸುಮಾರು ಮೂವತ್ತೆರಡು ಸಾವಿರ ಹೆಚ್ಚು ಮತಗಳು ಇಬ್ಬರಿಗೂ ಸೇರಿ ಬಿದ್ದವು. ಡರ್ಕಿನ್‌ರಿಗೆ ೧,೪೦,೭೭೮; ವೈಮನ್‌ರಿಗೆ ೧,೧೩,೦೦೭. ಈ ಬಾರಿ ಯಾರೂ ಮರು ಎಣಿಕೆಯನ್ನು ಕೇಳಲಿಲ್ಲ. ವೈಮನ್ ಮುಂದೆ ತಮ್ಮ ಸಂಸ್ಥಾನದಲ್ಲಿ ನ್ಯಾಯಾಧೀಶರಾದರು. ಡರ್ಕಿನ್ ೧೯೮೦ರ ಚುನಾವಣೆಯಲ್ಲಿ ವಾರನ್ ರಡ್‌ಮನ್ ಎಂಬವರಿಗೆ ಸೋತು, ಬಂದವರಿಗೆ ಜ್ಯೇಷ್ಠತೆ ಸಿಗಲೆಂದು, ಅವಧಿಗೆ ಕೆಲವು ದಿನ ಮೊದಲೇ ರಾಜೀನಾಮೆಯಿತ್ತು ಹೊರಟರು.